ಸೌದೆ ಮನೆಗೆ ಗೋಡೆಗಿಂತ ಗಾಳಿ ಮುಖ್ಯ

ಹಿತ್ತಲಲ್ಲಿ ಸೌದೆ ಇಡಲು ಒಂದು ಸಣ್ಣ ಮನೆ ಕಟ್ಟಿಕೊಡಿ ಎಂದು ಬರುವವರ ಮನಸ್ಸಿನಲ್ಲಿ ಸಾಮಾನ್ಯವಾಗಿ ಒಂದೇ ಚಿತ್ರ ಇರುತ್ತದೆ. ನಾಲ್ಕು ಗೋಡೆ, ಒಂದು ಬಾಗಿಲು, ಮೇಲೆ ಶೀಟು. ಮಳೆ ಒಳಗೆ ಬರಬಾರದು, ಅಷ್ಟೇ. ನಾನು ಮೊದಲು ಕೇಳುವುದು ಇಷ್ಟು: ಅದರಲ್ಲಿ ಇಡುವ ಸೌದೆ ಒಣಗಿದ್ದೋ, ಹಸಿಯದೋ? ಹೆಚ್ಚಿನವರು ಹಸಿಯದು ಎನ್ನುತ್ತಾರೆ. ಹಾಗಿದ್ದರೆ ಆ ನಾಲ್ಕು ಗೋಡೆ ಬೇಡ. ಮುಚ್ಚಿದ ಕೋಣೆಯಲ್ಲಿ ಹಸಿ ಸೌದೆ ಒಣಗುವುದಿಲ್ಲ, ಬೂಷ್ಟು ಹಿಡಿಯುತ್ತದೆ.

ಆಗಷ್ಟೇ ಕಡಿದ ಮರದ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ನೀರೇ ಇರುತ್ತದೆ. ಚೆನ್ನಾಗಿ ಉರಿಯಬೇಕಾದರೆ ತೇವ ಶೇ. 20ಕ್ಕಿಂತ ಕೆಳಗೆ ಇಳಿಯಬೇಕು. ಹಸಿ ಸೌದೆಯನ್ನು ಒಲೆಗೆ ಹಾಕಿದರೆ ಬೆಂಕಿಯ ಮೊದಲ ಕೆಲಸ ಆ ನೀರನ್ನು ಆವಿ ಮಾಡುವುದು. ನೀರು ಇರುವವರೆಗೆ ಆ ಭಾಗದ ಬಿಸಿ 100 ಡಿಗ್ರಿಯ ಆಸುಪಾಸಿನಲ್ಲೇ ನಿಂತುಬಿಡುತ್ತದೆ. ಮರದಿಂದ ಹೊರಡುವ ಅನಿಲಗಳು ಸರಿಯಾಗಿ ಹೊತ್ತಿಕೊಳ್ಳಲು ಅದಕ್ಕಿಂತ ಎಷ್ಟೋ ಜಾಸ್ತಿ ಶಾಖ ಬೇಕು. ಅದು ಸಿಗದಿದ್ದಾಗ ಅವು ಉರಿಯದೆ ಹೊಗೆಯಾಗಿ ಹೋಗುತ್ತವೆ, ಚಿಮಣಿಯಲ್ಲಿ ಅಂಟು ಮಸಿಯಾಗಿ ಕೂರುತ್ತವೆ. ಆ ಮಸಿಗೇ ಬೆಂಕಿ ಹತ್ತುವ ಅಪಾಯವೂ ಇದೆ. ಹಾಗಾಗಿ ಸೌದೆ ಮನೆ ಕಟ್ಟುವಾಗ ಪ್ರತಿ ಹಂತದಲ್ಲೂ ನೋಡಬೇಕಾದದ್ದು ಒಂದೇ: ನೀರು ಹೊರಗೆ ಹೋಗಲು ದಾರಿ ಇದೆಯೇ?

ಜಾಗದಿಂದ ಶುರು ಮಾಡೋಣ. ಅಡುಗೆಮನೆ ಬಾಗಿಲಿಗೆ ಹತ್ತಿರ ಇರಲಿ ಎಂದು ಮನೆ ಗೋಡೆಗೆ ಅಂಟಿಸಿ ಕಟ್ಟಬೇಡಿ. ಸೌದೆಗೆ ಬಂದ ಗೆದ್ದಲು ಮನೆಯ ಮರಕ್ಕೂ ದಾರಿ ಹುಡುಕುತ್ತದೆ. ಬೆಂಕಿಯ ಭಯವೂ ಅಷ್ಟೇ ದೊಡ್ಡದು. ಮನೆಯಿಂದ ದೂರ, ಬಿಸಿಲು ಬೀಳುವ, ಗಾಳಿಯಾಡುವ, ನೀರು ನಿಲ್ಲದ ಜಾಗ ನೋಡಿ. ಮಳೆಯ ಎರಚಲು ಯಾವ ದಿಕ್ಕಿನಿಂದ ಜಾಸ್ತಿ ಬರುತ್ತದೋ ಆ ಕಡೆಗೆ ಬೆನ್ನು ಇರಲಿ. ತೆರೆದ ಮುಖ ಅದರ ಎದುರು ದಿಕ್ಕಿಗೆ.

ಅಳತೆ ವಿಷಯದಲ್ಲಿ ಜನ ಜಾಗವನ್ನು ಲೆಕ್ಕ ಹಾಕುತ್ತಾರೆ, ಭಾರವನ್ನು ಮರೆಯುತ್ತಾರೆ. 8 ಅಡಿ ಉದ್ದ, 4 ಅಡಿ ಆಳ, 5 ಅಡಿ ಎತ್ತರಕ್ಕೆ ಸೌದೆ ಒಟ್ಟಿದರೆ 160 ಘನ ಅಡಿ ಆಯಿತು. ಗಟ್ಟಿ ಜಾತಿಯ ಮರವಾದರೆ ಒಣಗಿದ ಮೇಲೂ ಅದು ಸುಮಾರು 2 ಟನ್ ತೂಗುತ್ತದೆ. ಹಸಿಯಾಗಿದ್ದಾಗ 3 ಟನ್ ಹತ್ತಿರ ಹೋಗಬಹುದು. ಹಗುರ ಹಲಗೆಯ ನೆಲ ಇದನ್ನು ತಡೆಯುವುದಿಲ್ಲ. ನೆಲದ ಕೆಳಗೆ ಒಂದೂಕಾಲು ಅಡಿಗೊಂದರಂತೆ ದಪ್ಪ ತೊಲೆ ಕೊಡಿ, ತೊಲೆಯ ನಡುವೆಯೂ ಕಲ್ಲಿನ ಆಸರೆ ಇರಲಿ.

ನೆಲ ಮಣ್ಣಿನಿಂದ ಕನಿಷ್ಠ ಅರ್ಧ ಅಡಿ ಮೇಲಿರಬೇಕು. ಹಲಗೆಗಳ ನಡುವೆ ಒಂದು ಇಂಚಿನ ಸಂದು ಬಿಡಿ. ಕೆಳಗಿನಿಂದ ಬರುವ ಗಾಳಿಯೇ ಅಡಿಯ ಸಾಲನ್ನು ಉಳಿಸುವುದು. ಇನ್ನೊಂದು ಲಾಭವೂ ಇದೆ. ಗೆದ್ದಲು ಕಲ್ಲಿನ ಮೇಲೆ ಮಣ್ಣಿನ ಗೆರೆ ಎಳೆದುಕೊಂಡೇ ಮೇಲೆ ಹತ್ತಬೇಕು. ಅಡಿ ಖಾಲಿ ಇದ್ದರೆ ಆ ಗೆರೆ ಕಣ್ಣಿಗೆ ಬೀಳುತ್ತದೆ, ಕೆರೆದು ಹಾಕಬಹುದು.

ಕಂಬವನ್ನು ನೇರವಾಗಿ ಮಣ್ಣಿಗೆ ಹೂಳುವುದು ಸುಲಭ. ಆದರೆ ಆ ಕಂಬ ಮೊದಲು ಕೊಳೆಯುವುದು ನೆಲದ ಮಟ್ಟದಲ್ಲೇ. ತೇವ, ಗಾಳಿ ಎರಡೂ ಒಟ್ಟಿಗೆ ಸಿಗುವ ಜಾಗ ಅದು, ಶಿಲೀಂಧ್ರಕ್ಕೆ ಬೇಕಾಗಿರುವುದೂ ಅದೇ. ಕಾಂಕ್ರೀಟಿನ ಸಣ್ಣ ಪೀಠ ಹಾಕಿ, ಅದರಲ್ಲಿ ಕಬ್ಬಿಣದ ಹಿಡಿ ಕೂರಿಸಿ, ಕಂಬವನ್ನು ಬೋಲ್ಟಿನಿಂದ ಬಿಗಿಯಿರಿ. ಕಂಬದ ತಳ ಪೀಠಕ್ಕೂ ತಾಗದೆ ಒಂದು ಇಂಚು ಮೇಲಿದ್ದರೆ ಇನ್ನೂ ಒಳ್ಳೆಯದು.

ಬದಿಗಳಿಗೆ ಪಟ್ಟಿ ಹೊಡೆಯಿರಿ, ನಡುವೆ ಸಂದು ಬಿಡಿ. ಬೆನ್ನಿಗೂ ಹಾಗೆಯೇ, ಸಂದು ಸ್ವಲ್ಪ ಕಿರಿದಾಗಿರಲಿ. ಎರಚಲಿಗೆ ಹೊರಗಿನ ನಾಲ್ಕು ತುಂಡು ನೆನೆದರೆ ಹೆದರಬೇಡಿ, ಅವು ಒಂದೆರಡು ಬಿಸಿಲಿಗೆ ಆರುತ್ತವೆ. ಆದರೆ ಸಂದು ಬಿಟ್ಟ ಪಟ್ಟಿಗಳು ಚೌಕಟ್ಟನ್ನು ಬಿಗಿ ಹಿಡಿಯುವುದಿಲ್ಲ. ಒಟ್ಟಿದ ಸೌದೆ ಒಣಗುತ್ತಾ ಕುಗ್ಗುತ್ತದೆ, ಒಂದು ಕಡೆಗೆ ವಾಲುತ್ತದೆ, ಬದಿಯನ್ನು ತಳ್ಳುತ್ತದೆ. ಅದಕ್ಕೇ ಎರಡೂ ಬದಿಗೆ, ಬೆನ್ನಿಗೆ ಮೂಲೆಯಿಂದ ಮೂಲೆಗೆ ಓರೆ ಪಟ್ಟಿ ಕಡ್ಡಾಯ. ವಾಲಿದ ಸೌದೆ ಮನೆಗಳನ್ನು ನೋಡಿ, ಹೆಚ್ಚಿನವುಗಳಲ್ಲಿ ಇದೊಂದೇ ಇರುವುದಿಲ್ಲ.

ಮಾಡಿನ ಇಳಿಜಾರು ಹಿಂದಕ್ಕೆ. 5 ಅಡಿ ಆಳಕ್ಕೆ ಒಂದು ಅಡಿ ಇಳಿಸಿದರೆ ಸಾಕು. ಮುಂದೆ ಒಂದು ಅಡಿ ಸೂರು ಚಾಚಿರಲಿ. ಗಾಳಿಯ ವಿಷಯದಲ್ಲಿ ಮಾತ್ರ ಸಡಿಲ ಬಿಡಬೇಡಿ. ಒಂದು ಕಡೆ ತೆರೆದ ಕಟ್ಟಡದೊಳಗೆ ಬಿರುಗಾಳಿ ನುಗ್ಗಿದರೆ ಮಾಡನ್ನು ಕೆಳಗಿನಿಂದ ಎತ್ತುತ್ತದೆ. ಬರೀ ಮೊಳೆ ಆ ಎಳೆತಕ್ಕೆ ಕಿತ್ತು ಬರುತ್ತದೆ. ಮಾಡಿನ ತೊಲೆಯನ್ನು ಕಂಬಕ್ಕೆ ಬೋಲ್ಟು ಅಥವಾ ಕಬ್ಬಿಣದ ಪಟ್ಟಿಯಿಂದಲೇ ಕಟ್ಟಬೇಕು. ತಗಡಿನ ಶೀಟಾದರೆ ರಾತ್ರಿ ಅದರ ಒಳಮೈ ಬೆವರುತ್ತದೆ. ಶೀಟಿಗೂ ಸೌದೆಗೂ ನಡುವೆ ಒಂದು ಅಡಿ ಖಾಲಿ ಬಿಟ್ಟರೆ ಆ ತೇವ ಗಾಳಿಗೆ ಹೋಗುತ್ತದೆ.

ಒಳಗೆ ಕನಿಷ್ಠ ಎರಡು ಭಾಗ ಮಾಡಿ. ಒಂದರಲ್ಲಿ ಈ ವರ್ಷ ಉರಿಸುವುದು, ಇನ್ನೊಂದರಲ್ಲಿ ಮುಂದಿನ ವರ್ಷದ್ದು. ಮರದ ಜಾತಿ, ದಪ್ಪ, ಹವೆ ನೋಡಿಕೊಂಡು ಒಣಗಲು ಆರು ತಿಂಗಳಿಂದ ಎರಡು ವರ್ಷದವರೆಗೂ ಬೇಕಾಗುತ್ತದೆ. ಹಳೆಯದರ ಮೇಲೆ ಹೊಸದನ್ನು ಪೇರಿಸಿದರೆ ಯಾವುದು ಒಣಗಿದೆ ಎಂದು ಯಾರಿಗೂ ಗೊತ್ತಾಗುವುದಿಲ್ಲ, ಅಲ್ವಾ? ಇಡುವ ಮೊದಲೇ ಸೀಳಿಬಿಡಿ. ತೊಗಟೆ ನೀರನ್ನು ಒಳಗೇ ಹಿಡಿದಿಡುತ್ತದೆ, ದುಂಡು ತುಂಡು ಒಣಗಲು ಬಹಳ ತಡ. ನೀರು ಬೇಗ ಹೋಗುವುದು ಕೊಯ್ದ ತುದಿಗಳಿಂದ, ಹಾಗಾಗಿ ತುದಿಗಳು ಗಾಳಿಗೆ ಮುಖ ಮಾಡಿರಲಿ.

ಟಾರ್ಪಾಲ್ ಸುತ್ತಬೇಡಿ. ಬದಿಗಳಿಗೂ ಸುತ್ತಿದರೆ ಹೊರಡುವ ಆವಿ ಒಳಗೇ ಉಳಿಯುತ್ತದೆ.

ಒಣಗಿದೆಯೇ ಎಂದು ನೋಡಲು ಎರಡು ತುಂಡನ್ನು ಒಂದಕ್ಕೊಂದು ಬಡಿಯಿರಿ. ಒಣಗಿದ್ದರೆ ಠಣ್ ಎನ್ನುತ್ತದೆ, ಹಸಿಯಾಗಿದ್ದರೆ ಶಬ್ದ ಮಂಕು. ತುದಿಯಲ್ಲಿ ಬಿರುಕು ಕಂಡರೆ ಒಳ್ಳೆಯ ಗುರುತೇ, ಆದರೆ ಅದೊಂದನ್ನೇ ನಂಬಬೇಡಿ. ತುದಿ ಒಣಗಿ ನಡು ಹಸಿಯಾಗಿರಬಹುದು. ತೇವ ಅಳೆಯುವ ಮೀಟರ್ ಇದ್ದರೆ ಒಂದು ತುಂಡನ್ನು ಆಗಲೇ ಸೀಳಿ, ಹೊಸದಾಗಿ ಬಿಚ್ಚಿದ ಒಳಮೈಗೆ ಚುಚ್ಚಿ ನೋಡಿ. ಹೊರಮೈ ತೋರಿಸುವ ಅಂಕಿ ಸಾಮಾನ್ಯವಾಗಿ ಕಡಿಮೆಯೇ ಇರುತ್ತದೆ.

ಕೆಲಸ ಮುಗಿದ ಮೇಲೆ ಕಂಬ, ತೊಲೆಯಿಂದ ಕೊಯ್ದ ಚೂರುಗಳು ಉಳಿಯುತ್ತವೆ. ಗೆದ್ದಲು ಮದ್ದು ಕುಡಿಸಿದ ಮರ, ಬಣ್ಣ ಬಳಿದ ಮರ ಅದರಲ್ಲಿದ್ದರೆ ಸೌದೆಯ ಜೊತೆ ಸೇರಿಸಬೇಡಿ. ಅದರ ಹೊಗೆಯೂ ವಿಷ, ಬೂದಿಯೂ ವಿಷ. ಆ ಬೂದಿ ತರಕಾರಿ ಪಾತಿಗೆ ಹೋಗಲೇಬಾರದು.