ಚೀನೀ ಅಕ್ಷರ ತಿದ್ದುವಾಗ: ಗೆರೆಗಳ ಎಣಿಕೆ ಮತ್ತು ಕ್ರಮ

ಗೆರೆಗಳ ಕ್ರಮಕ್ಕೆ ಮುಂಚೆ ಎಣಿಕೆ ಕಲಿಯಬೇಕು. ಪೆನ್ನು ಕಾಗದಕ್ಕೆ ತಾಗಿದಲ್ಲಿಂದ ಎತ್ತುವವರೆಗೆ ಬರೆದದ್ದೆಲ್ಲ ಒಂದೇ ಗೆರೆ. ನಡುವೆ ತಿರುವು, ಕೊಕ್ಕೆ ಎಷ್ಟಿದ್ದರೂ ಸರಿಯೆ. ‘ಬಾಯಿ’ ಎಂಬರ್ಥದ ಖೋವ್ ಅಕ್ಷರ ನೋಡಲು ಬರೀ ಚೌಕ. ಬದಿ ನಾಲ್ಕಿದ್ದರೂ ಗೆರೆ ಮೂರೇ. ಎಡಬದಿ ಮೇಲಿಂದ ಕೆಳಕ್ಕೆ ಒಂದು. ಮೇಲಂಚು ಮತ್ತು ಬಲಬದಿ ಸೇರಿ ಇನ್ನೊಂದು, ಮೂಲೆಯಲ್ಲಿ ಪೆನ್ನು ಎತ್ತುವಂತಿಲ್ಲ. ತಳದ ಅಡ್ಡಗೆರೆ ಕೊನೆಯದು. ಕನ್ನಡ ಬರೆದು ಪಳಗಿದ ಕೈ ಇದನ್ನು ಒಂದೇ ಸುತ್ತಿನಲ್ಲಿ ಮುಗಿಸಲು ಹೊರಡುತ್ತದೆ. ಆಗ ಮೂಲೆ ಉರುಟಾಗುತ್ತದೆ, ಎಣಿಕೆಯೂ ಕೆಡುತ್ತದೆ. ಎಣಿಕೆ ಕೆಟ್ಟರೆ ಗೆರೆಗಳ ಸಂಖ್ಯೆಯ ಮೇಲೆ ಜೋಡಿಸಿದ ನಿಘಂಟಿನ ಸೂಚಿಯಲ್ಲಿ ಅಕ್ಷರ ಸಿಗುವುದೇ ಇಲ್ಲ.

ಗೆರೆಗಳನ್ನು ಐದು ಗುಂಪು ಮಾಡುತ್ತಾರೆ: ಅಡ್ಡ (ಹಂಗ್), ಉದ್ದ (ಶು), ಎಡಕ್ಕಿಳಿಯುವ ಓರೆ (ಪಿಯೆ), ಚುಕ್ಕೆ (ದಿಯೆನ್), ಮುರಿಗೆರೆ (ಝ). ಬಲಕ್ಕಿಳಿಯುವ ಓರೆ ಚುಕ್ಕೆಯ ಗುಂಪಿಗೆ, ಬಲಕ್ಕೆ ಮೇಲೇರುವ ಗೆರೆ ಅಡ್ಡಗೆರೆಯ ಗುಂಪಿಗೆ ಸೇರುತ್ತದೆ. ನೆನಪಿಗೆ ಚೀನೀಯರೇ ಬಳಸುವ ಉಪಾಯವೊಂದಿದೆ. ಬರೆಯುವ ಮರದ ಪಟ್ಟಿಗಿದ್ದ ಹಳೆಯ ಹೆಸರು ‘ಝಾ’. ಆ ಅಕ್ಷರದ ಐದು ಗೆರೆಗಳೂ ಇದೇ ಸಾಲಿನಲ್ಲಿ ಬರುತ್ತವೆ.

ಮೇಲಿಂದ ಕೆಳಕ್ಕೆ, ಎಡದಿಂದ ಬಲಕ್ಕೆ, ಅಡ್ಡ ಆದಮೇಲೆ ಉದ್ದ, ಎಡ ಓರೆ ಆದಮೇಲೆ ಬಲ ಓರೆ: ಈ ನಾಲ್ಕು ನಿಯಮ ‘ಮೂರು’, ‘ಹತ್ತು’, ‘ಮನುಷ್ಯ’ದಂಥ ಅಕ್ಷರಗಳಲ್ಲೇ ಕೈಗೆ ಹತ್ತುತ್ತವೆ. ತೊಡಕಾಗುವುದು ಒಂದು ನಿಯಮಕ್ಕೆ ಇನ್ನೊಂದು ಎದುರು ನಿಂತಾಗ.

‘ರಾಜ’ ಎಂಬರ್ಥದ ವಾಂಗ್ ನೋಡಿ. ಮೂರು ಅಡ್ಡಗೆರೆ, ನಡುವೆ ಒಂದು ಉದ್ದಗೆರೆ. ಅಡ್ಡ ಮೊದಲು ಎಂದು ಮೂರನ್ನೂ ಎಳೆದು ಆಮೇಲೆ ಉದ್ದ ಎಳೆಯುವುದು ಬಹಳ ಸಾಮಾನ್ಯವಾದ ತಪ್ಪು. ಸರಿಯಾದ ಕ್ರಮ ಅಡ್ಡ, ಅಡ್ಡ, ಉದ್ದ, ಕೊನೆಗೆ ತಳದ ಅಡ್ಡ. ಉದ್ದಗೆರೆ ತಳವನ್ನು ದಾಟದೆ ಅದರ ಮೇಲೆಯೇ ನಿಲ್ಲುವುದಾದರೆ ತಳದ ಗೆರೆಯೇ ಕೊನೆ. ಮೊದಲೇ ತಳ ಎಳೆದಿದ್ದರೆ ಉದ್ದಗೆರೆ ಕೆಳಗೆ ಇಣುಕಿಬಿಡುತ್ತದೆ. ‘ಮಣ್ಣು’ ಎಂಬ ಅಕ್ಷರವೂ ಹೀಗೆಯೇ. ‘ನಡು’ ಎಂಬರ್ಥದ ಜೋಂಗ್‌ನಲ್ಲಿ ಉದ್ದಗೆರೆ ಚೌಕವನ್ನು ಸೀಳಿಕೊಂಡು ಕೆಳಗೆ ಹೋಗುತ್ತದೆ, ಅಲ್ಲಿ ಉದ್ದಗೆರೆ ಕೊನೆ.

‘ಹೊಲ’ ಎಂಬರ್ಥದ ತಿಯೆನ್‌ಗೆ ಐದು ಗೆರೆ: ಎಡಬದಿ, ಮೇಲಿಂದ ಬಲಕ್ಕೆ ಮುರಿದ ಗೆರೆ, ಒಳಗಿನ ಅಡ್ಡ, ಒಳಗಿನ ಉದ್ದ, ಕೊನೆಗೆ ತಳ. ಒಳಗೆ ಹೋಗಿ ಆಮೇಲೆ ಬಾಗಿಲು ಹಾಕು ಎಂದು ಚೀನೀ ಮಕ್ಕಳಿಗೆ ಹೇಳಿಕೊಡುವುದು ಇದನ್ನೇ. ತಳ ಮೊದಲೇ ಮುಚ್ಚಿದರೆ ಒಳಗಿನ ಗೆರೆಗಳಿಗೆ ಜಾಗ ಸಾಲದೆ ಅಕ್ಷರ ಸೊಟ್ಟಗಾಗುತ್ತದೆ.

ಎಡದಿಂದ ತಳಕ್ಕೆ ಹಾಯುವ ಭಾಗಗಳಲ್ಲೂ ಎರಡು ಬಗೆ. ‘ಈ’ ಎಂಬರ್ಥದ ಅಕ್ಷರದಲ್ಲಿ ಚುಕ್ಕೆಯಿರುವ ಮೂರು ಗೆರೆಯ ಬಳಕು ಕೊನೆಗೆ. ‘ಏಳು, ಎದ್ದೇಳು’ ಎಂಬ ಅಕ್ಷರದಲ್ಲಿ ಎಡಗಡೆಯದು ‘ನಡೆ’ ಎಂಬ ಏಳು ಗೆರೆಯ ಪೂರ್ಣ ಅಕ್ಷರ, ಅದು ಮೊದಲು. ಇನ್ನು ‘ನೀರು’ ಬರೆಯುವಾಗ ನಡುವಿನ ಕೊಕ್ಕೆ ಮೊದಲು, ‘ಬೆಂಕಿ’ಗೆ ಅಕ್ಕಪಕ್ಕದ ಚುಕ್ಕೆಗಳು ಮೊದಲು. ಇಂಥವನ್ನು ಬಾಯಿಪಾಠ ಮಾಡುವುದೇ ಮೇಲು.

ಪುಸ್ತಕಗಳು ಒಂದೇ ಸಾಲಿನಲ್ಲಿ ಮುಗಿಸುವ, ಆದರೆ ಗಮನ ಕೊಡಲೇಬೇಕಾದ ಸಂಗತಿ: ಅಕ್ಷರ ಎಡಭಾಗವಾಗಿ ಬಂದಾಗ ಕ್ರಮವೇ ಬದಲಾಗಬಹುದು. ‘ಹಸು’ ಒಂಟಿಯಾಗಿದ್ದಾಗ ಓರೆ, ಅಡ್ಡ, ಅಡ್ಡ, ಉದ್ದ. ‘ವಸ್ತು’ ಎಂಬ ಅಕ್ಷರದ ಎಡಕ್ಕೆ ಅದೇ ಹಸು ಬಂದಾಗ ಓರೆ, ಅಡ್ಡ, ಉದ್ದ, ಆಮೇಲೆ ಬಲಕ್ಕೇರುವ ಗೆರೆ. ಏರುವ ಗೆರೆ ಪೆನ್ನನ್ನು ನೇರ ಬಲಭಾಗದ ಹತ್ತಿರಕ್ಕೆ ತಂದುಬಿಡುತ್ತದೆ. ‘ಮರ’ ಎಡಕ್ಕೆ ಬಂದರೆ ಅದರ ಬಲ ಓರೆ ಪಕ್ಕದ ಭಾಗಕ್ಕೆ ತಾಗದಂತೆ ಚುಕ್ಕೆಯಾಗಿ ಕುಗ್ಗುತ್ತದೆ.

ಇಲ್ಲಿ ಹೇಳಿದ್ದೆಲ್ಲ ಚೀನಾದ ಮುಖ್ಯಭೂಮಿಯ ಕ್ರಮ. ಅಲ್ಲಿನ ಸರ್ಕಾರ 2013ರಲ್ಲಿ ಹೊರಡಿಸಿದ ಬಳಕೆಯ ಅಕ್ಷರಗಳ ಪಟ್ಟಿಯ 8105 ಅಕ್ಷರಗಳಿಗೂ ಕ್ರಮ ನಿಗದಿ ಮಾಡಿದ ಮಾನದಂಡ 2021ರ ಮಾರ್ಚ್ 1ರಿಂದ ಜಾರಿಯಲ್ಲಿದೆ. ಜಪಾನಿನಲ್ಲಿ ‘ರಾಜ’ ಅಕ್ಷರದ ಉದ್ದಗೆರೆ ಎರಡನೆಯದು, ‘ಬಲಗಡೆ’ ಎಂಬ ಅಕ್ಷರ ಅಡ್ಡದ ಬದಲು ಓರೆಯಿಂದ ಶುರುವಾಗುತ್ತದೆ. ಎರಡೂ ಭಾಷೆ ಕಲಿಯುತ್ತಿರುವವರು ಎರಡು ಪುಸ್ತಕ ಇಟ್ಟುಕೊಳ್ಳಲಿ.

ಅಭ್ಯಾಸಕ್ಕೆ ನಡುವೆ ಅಡ್ಡ-ಉದ್ದ ಚುಕ್ಕೆಗೆರೆ ಹಾಕಿದ ಚೌಕಗಳ ಹಾಳೆ ಬೇಕು. ಒಂದೊಂದು ಚೌಕ ಒಂದೂವರೆಯಿಂದ ಎರಡು ಸೆಂಟಿಮೀಟರ್ ಇರಲಿ, ಚಿಕ್ಕದಾದರೆ ತಪ್ಪು ಕಾಣುವುದಿಲ್ಲ. ಅಚ್ಚಿನ ಮೇಲೆ ತಿದ್ದುವುದು ಎರಡು-ಮೂರು ಸಲ ಸಾಕು. ಆಮೇಲೆ ಮಾದರಿ ಮುಚ್ಚಿ, ಗೆರೆಗಳನ್ನು ಬಾಯಲ್ಲಿ ಎಣಿಸುತ್ತ ಬರೆಯಿರಿ. ತಿದ್ದುತ್ತಲೇ ಇದ್ದರೆ ಕೈ ಓಡುತ್ತದೆ, ನೆನಪು ಬೆಳೆಯುವುದಿಲ್ಲ. ಪರೀಕ್ಷೆಗೆ ಫೋನಿನಲ್ಲಿ ಸರಳ ಚೀನೀಯ (ಮುಖ್ಯಭೂಮಿಯ ಸರಳಗೊಳಿಸಿದ ಲಿಪಿ) ಸ್ಟ್ರೋಕ್ ಕೀಬೋರ್ಡ್ ಹಾಕಿಕೊಳ್ಳಿ, ಮೇಲೆ ಹೇಳಿದ ಐದು ಗುಂಪುಗಳೇ ಅದರ ಕೀಲಿಗಳು. ಅಡ್ಡ, ಅಡ್ಡ, ಉದ್ದ, ಅಡ್ಡ ಒತ್ತಿದರೆ ವಾಂಗ್ ಬರುತ್ತದೆ. ಬರೆದ ಅಕ್ಷರ ಹೀಗೆ ಒತ್ತಿದಾಗ ಬರದಿದ್ದರೆ ಮೊದಲು ಎಣಿಕೆ ನೋಡಿ, ಆಮೇಲೆ ಕ್ರಮ.