ಅಪ್ಪನಿಗೆ ಮ್ಯಾಕುಲಾ ಸವೆತ, ನನಗೂ ಬರುತ್ತಾ?

ವಯಸ್ಸಾದಂತೆ ಬರುವ ಮ್ಯಾಕುಲಾ ಸವೆತಕ್ಕೆ ತಂದೆ ತಾಯಿಯನ್ನು ತೋರಿಸಲು ಬಂದ ಮಕ್ಕಳು ಈ ಪ್ರಶ್ನೆ ಕೇಳಿಯೇ ಕೇಳುತ್ತಾರೆ. ಉಳಿದವರಿಗಿಂತ ಅವರಿಗೆ ಸಾಧ್ಯತೆ ಜಾಸ್ತಿ, ನಿಜ. ಹಾಗಂತ ಬಂದೇ ಬರುತ್ತದೆ ಎಂದಲ್ಲ.

ಮ್ಯಾಕುಲಾ ಅಂದರೆ ಕಣ್ಣಿನ ಹಿಂಬದಿಯಲ್ಲಿ ಬೆಳಕು ಗ್ರಹಿಸುವ ಪದರವಾದ ರೆಟಿನಾದ ನಡುಭಾಗ. ಓದಲು, ಮುಖ ಗುರುತು ಹಿಡಿಯಲು ಅದೇ ಬೇಕು. ಇದರ ಸವೆತಕ್ಕೆ ಸಿಎಫ್‌ಎಚ್ ಎಂಬ ಜೀನ್‌ನ ನಂಟಿದೆ ಎಂದು 2005ರಲ್ಲಿ ಗೊತ್ತಾಯಿತು. ರೋಗಾಣುಗಳ ಮೇಲೆ ಬೀಳುವ 'ಕಾಂಪ್ಲಿಮೆಂಟ್' ಪ್ರೋಟೀನ್‌ಗಳು ನಮ್ಮ ರಕ್ತದಲ್ಲಿವೆ. ಅವು ನಮ್ಮದೇ ಜೀವಕೋಶಗಳ ಮೇಲೆ ಬೀಳದಂತೆ ಬ್ರೇಕ್ ಹಾಕುವ ಪ್ರೋಟೀನ್ ಈ ಜೀನ್‌ನಿಂದ ತಯಾರಾಗುತ್ತದೆ. ಕೆಲವರಲ್ಲಿ ಅದು ಸರಿಯಾಗಿ ಹಿಡಿಯುವುದಿಲ್ಲ. ಆಗ ರೆಟಿನಾದ ಅಡಿಯಲ್ಲಿ ಸಣ್ಣ ಉರಿಯೂತ ವರ್ಷಗಟ್ಟಲೆ ಉಳಿಯುತ್ತದೆ. ಡ್ರೂಸೆನ್ ಎಂಬ ಹಳದಿ ಚುಕ್ಕೆಗಳು ಕೂಡಿಕೊಳ್ಳುತ್ತವೆ. 2016ರ ದೊಡ್ಡ ಅಧ್ಯಯನವೊಂದು ಜೀನೋಮ್‌ನ, ಅಂದರೆ ನಮ್ಮ ಇಡೀ ಡಿಎನ್‌ಎಯ, 34 ಜಾಗಗಳಲ್ಲಿ ಈ ರೋಗದ ನಂಟಿರುವ 52 ವ್ಯತ್ಯಾಸಗಳನ್ನು ಗುರುತಿಸಿತು.

ರೋಗ ಶುರುವಾಗುವುದು ಬೇರೆ, ಅದು ಮುಂದುವರಿಯುವ ವೇಗ ಬೇರೆ. ರಕ್ತನಾಳ ಸೋರದ 'ಒಣ' ಬಗೆಯ ಕೊನೆ ಹಂತದಲ್ಲಿ ರೆಟಿನಾದ ಜೀವಕೋಶಗಳು ಸತ್ತ ಜಾಗ ಹರಡುತ್ತಾ ಹೋಗುತ್ತದೆ. ಹತ್ತನೇ ಕ್ರೋಮೋಸೋಮ್‌ನ ಎಆರ್‌ಎಂಎಸ್2 ಜೀನ್‌ನಲ್ಲಿ ಅಪಾಯದ ವ್ಯತ್ಯಾಸ ಇದ್ದವರಲ್ಲಿ ಅದು ಸರಾಸರಿ ಬೇಗ ಹರಡುತ್ತದೆ. ಆದರೆ ಇದು ಗುಂಪಿನ ಲೆಕ್ಕ. ಎದುರಿಗೆ ಕೂತ ಒಬ್ಬರಿಗೆ ಇಷ್ಟೇ ವರ್ಷ ಎಂದು ಹೇಳಲು ಇದು ಸಾಲದು.

ಅದಕ್ಕೇ ನಾನು ಎಲ್ಲರಿಗೂ ಜೀನ್ ಟೆಸ್ಟ್ ಬರೆದುಕೊಡುವುದಿಲ್ಲ. ಡ್ರೂಸೆನ್ ಎಷ್ಟು ದೊಡ್ಡದು, ರೆಟಿನಾದ ಬಣ್ಣ ಕೆಟ್ಟಿದೆಯಾ, ಇನ್ನೊಂದು ಕಣ್ಣು ಹೇಗಿದೆ ಎಂದು ನೋಡಿದರೆ ಚಿಕಿತ್ಸೆಗೆ ಬೇಕಾದದ್ದು ತಿಳಿಯುತ್ತದೆ. ಹಾಗಂತ ಜೀನ್ ಸಂಶೋಧನೆ ದಂಡವಾಗಿಲ್ಲ. ಕಾಂಪ್ಲಿಮೆಂಟ್ ಸರಣಿಯನ್ನು ತಡೆಯುವ ಎರಡು ಇಂಜೆಕ್ಷನ್‌ಗಳಿಗೆ 2023ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಒಣ ಬಗೆಯಲ್ಲಿ ಸತ್ತ ಜಾಗ ಹರಡುವ ವೇಗವನ್ನು ಅವು ತಗ್ಗಿಸುತ್ತವೆ, ಹೋದ ದೃಷ್ಟಿ ತರುವುದಿಲ್ಲ.

ಸಿಗರೇಟಿನ ಬಗ್ಗೆ ಮಾತ್ರ ನಾನು ಕಟ್ಟುನಿಟ್ಟು. ಅಪಾಯದ ಜೀನ್ ಜೊತೆ ಧೂಮಪಾನವೂ ಸೇರಿದರೆ ಅಪಾಯ ತುಂಬಾ ಏರುತ್ತದೆ. ಜೀನ್ ಬದಲಿಸಲು ಆಗದು, ಸಿಗರೇಟ್ ಬಿಡಬಹುದು ಅಲ್ವಾ? ಇನ್ನು ಸತು, ಲ್ಯೂಟೀನ್ ಇರುವ ಮಾತ್ರೆಗಳು ಮಧ್ಯಮ ಹಂತ ತಲುಪಿದವರಿಗೆ, ಅಥವಾ ಒಂದು ಕಣ್ಣಲ್ಲಿ ರೋಗ ಬಲಿತವರಿಗೆ. ಕಣ್ಣು ಚೆನ್ನಾಗಿರುವ ಮಕ್ಕಳು ಸುಮ್ನೆ ನುಂಗಬೇಕಿಲ್ಲ.

ಐವತ್ತು ದಾಟಿದ ಮಕ್ಕಳು, ಒಡಹುಟ್ಟಿದವರು ಪಾಪೆ ಹಿಗ್ಗಿಸಿ ರೆಟಿನಾ ಪರೀಕ್ಷೆ ಮಾಡಿಸಿಕೊಳ್ಳಿ. ಮನೆಯಲ್ಲಿ ಒಂದೊಂದೇ ಕಣ್ಣು ಮುಚ್ಚಿ ಚೌಕಳಿ ಹಾಳೆ ನೋಡಿ. ನೇರ ಗೆರೆ ಇದ್ದಕ್ಕಿದ್ದಂತೆ ಡೊಂಕಾಗಿ ಕಂಡರೆ ಮುಂದಿನ ತಿಂಗಳ ಅಪಾಯಿಂಟ್‌ಮೆಂಟ್‌ಗೆ ಕಾಯಬೇಡಿ, ತಕ್ಷಣ ಬನ್ನಿ.