ಮೊದಲು ಆಟ, ಆಮೇಲೆ ಊಟ

ಬಿಸಿಯೂಟ ಮುಗಿಯುವ ಹೊತ್ತಿಗೆ ಯಾವುದಾದರೂ ಪ್ರಾಥಮಿಕ ಶಾಲೆಯ ನಲ್ಲಿ ಹತ್ತಿರ ನಿಂತು ಮಕ್ಕಳ ತಟ್ಟೆ ನೋಡಿ. ಅನ್ನ ಖಾಲಿ, ಸಾಂಬಾರಿನ ನೀರೂ ಖಾಲಿ. ಅಂಚಿನಲ್ಲಿ ಮಾತ್ರ ಕರಿಬೇವು, ಟೊಮೆಟೊ ಸಿಪ್ಪೆ, ಬೀನ್ಸ್ ಚೂರು ಸಾಲಾಗಿ ಕೂತಿರುತ್ತವೆ. ಕರಿಬೇವನ್ನು ನಾವೂ ಎತ್ತಿಡುತ್ತೇವೆ, ಬಿಡಿ. ಬೀನ್ಸ್ ಕಥೆ ಹಾಗಲ್ಲ.

ಐದನೇ ತರಗತಿವರೆಗಿನ ಒಂದು ಮಗುವಿಗೆ ಬಿಸಿಯೂಟದಲ್ಲಿ ದಿನಕ್ಕೆ ಸಿಗಬೇಕಾದದ್ದು 100 ಗ್ರಾಂ ಅಕ್ಕಿ ಅಥವಾ ಗೋಧಿ, 20 ಗ್ರಾಂ ಬೇಳೆ, 50 ಗ್ರಾಂ ತರಕಾರಿ, 5 ಗ್ರಾಂ ಎಣ್ಣೆ. ಐವತ್ತು ಗ್ರಾಂ ಅಂದರೆ ಒಂದು ಹಿಡಿ. ಅದರಲ್ಲೂ ಅರ್ಧ ಕಲಗಚ್ಚಿಗೆ ಹೋದರೆ, ಊಟದ ಲೆಕ್ಕ ಪುಸ್ತಕದಲ್ಲಿ ಸರಿ ಇರುತ್ತದೆ, ಮಗುವಿನ ಹೊಟ್ಟೆಯಲ್ಲಿ ಇರಲ್ಲ.

ಇದು ಬರೀ ಹಟ ಅಲ್ಲ. ಗಿಡಗಳಲ್ಲಿರುವ ಎಷ್ಟೋ ವಿಷಗಳು ಕಹಿ. ಹಾಗಾಗಿ ಕಹಿಯನ್ನು ಉಗಿಯುವುದು ಹುಟ್ಟಿನಿಂದಲೇ ಬಂದ ಬುದ್ಧಿ. ಹೊಸ ತಿನಿಸೆಂದರೆ ಹಿಂಜರಿಯುವುದೂ ಅಷ್ಟೇ, ಅದು ಎರಡರಿಂದ ಆರು ವರ್ಷದ ನಡುವೆ ಜಾಸ್ತಿ. ಒಂದೇ ತರಕಾರಿಯನ್ನು ಎಂಟು ಹತ್ತು ಸಲ ಚೂರೇ ಚೂರು ರುಚಿ ನೋಡಿದ ಮೇಲೆ ಎಷ್ಟೋ ಮಕ್ಕಳ ನಾಲಿಗೆ ಒಪ್ಪಿಕೊಳ್ಳುತ್ತದೆ. ಬೈದು ತಿನ್ನಿಸಿದರೆ ಮಾತ್ರ ಸಾಮಾನ್ಯವಾಗಿ ಉಲ್ಟಾ ಹೊಡೆಯುತ್ತದೆ.

ಇನ್ನೊಂದು ಕಾರಣ ನಮಗೆ ಹೊಳೆಯುವುದೇ ಇಲ್ಲ. ಅದು ಗಡಿಬಿಡಿ. ಅಮೆರಿಕದಲ್ಲಿ 2012ರಿಂದ ಶಾಲೆಯ ಊಟದಲ್ಲಿ ಹಣ್ಣೋ ತರಕಾರಿಯೋ ಇರಲೇಬೇಕೆಂಬ ನಿಯಮ ಬಂತು. ಬಡಿಸಿದ್ದೆಲ್ಲ ಹೊಟ್ಟೆಗೆ ಹೋಗಲಿಲ್ಲ, ಎಷ್ಟೋ ಕಸದ ಬುಟ್ಟಿ ಸೇರಿತು. ಯೂಟಾ ರಾಜ್ಯದ ಓರೆಮ್‌ನಲ್ಲಿ ಜೋಸೆಫ್ ಪ್ರೈಸ್ ಮತ್ತು ಡೇವಿಡ್ ಜಸ್ಟ್ ಎಂಬ ಸಂಶೋಧಕರು ಏಳು ಪ್ರಾಥಮಿಕ ಶಾಲೆಗಳ ಮಕ್ಕಳ ತಟ್ಟೆಗಳನ್ನು ಗಮನಿಸಿದರು. ಅವುಗಳಲ್ಲಿ ಮೂರು ಶಾಲೆಗಳು ಆಟದ ಬಿಡುವನ್ನು ಊಟದ ಮುಂಚೆಗೆ ತಂದವು. ಅಲ್ಲಿ ಮಕ್ಕಳು ತಿಂದ ಹಣ್ಣು, ತರಕಾರಿ ಶೇ. 54ರಷ್ಟು ಹೆಚ್ಚಿತು. 2015ರಲ್ಲಿ ಈ ಲೆಕ್ಕ ಪ್ರಕಟವಾಯಿತು. ಅಡುಗೆಯವರು ಬದಲಾಗಲಿಲ್ಲ, ಬದಲಾದದ್ದು ಗಂಟೆ ಬಾರಿಸುವ ಹೊತ್ತು.

ಯೋಚಿಸಿದರೆ ಸುಲಭ. ಊಟ ಮುಗಿಸಿದವರಿಗೆ ಆಟ ಅಂದರೆ ಮಗು ಮೊದಲು ಬಿಡುವುದು ಅಗಿಯೋಕೆ ಹೊತ್ತು ಹಿಡಿಯುವ ಕ್ಯಾರೆಟ್ಟನ್ನೇ ಅಲ್ವಾ? ಆಡಿ ಬಂದವನಿಗೆ ಹಸಿವೂ ಜಾಸ್ತಿ, ಓಡುವ ಆತುರವೂ ಇಲ್ಲ.

ನಮ್ಮಲ್ಲಿ ಇದನ್ನು ಹಾಗೇ ತರುವುದು ಕಷ್ಟ. ಮಧ್ಯಾಹ್ನದ ಬಿಸಿಲಿದೆ, ಮಣ್ಣಿನ ಕೈ ತೊಳೆಯಲು ಉದ್ದ ಸಾಲಿದೆ. ಆದರೆ ಅಮೆರಿಕದ್ದೇ ಇನ್ನೊಂದು ರಾಜ್ಯವಾದ ಮಿನ್ನೆಸೋಟದ ಸಂಶೋಧಕರು ಪರೀಕ್ಷಿಸಿದ ಇನ್ನೊಂದು ಉಪಾಯ ನಮಗೆ ಹೊಸದೇ ಅಲ್ಲ. ಬೇರೇನೂ ಕೈಗೆ ಸಿಗುವ ಮೊದಲು, ಹಸಿದಿರುವಾಗಲೇ, ತರಕಾರಿ ಒಂದನ್ನೇ ಕೊಡುವುದು. ಆಗ ಮಕ್ಕಳು ತರಕಾರಿ ತಿನ್ನುವುದು ಹೆಚ್ಚಾಯಿತು. ಹಸಿ ತರಕಾರಿ ತೊಳೆಯುವ ನೀರಿನ ಚಿಂತೆ ಇದ್ದರೆ ಬೇಯಿಸಿದ ಪಲ್ಯವಾದರೂ ಸರಿ. ಮದುವೆ ಮನೆಯ ಪಂಕ್ತಿ ನೆನಪಿಸಿಕೊಳ್ಳಿ. ಅನ್ನದ ಪಾತ್ರೆ ಇನ್ನೂ ಆಚೆ ಸಾಲಿನಲ್ಲಿರುತ್ತದೆ, ಮಕ್ಕಳ ಎಲೆಯಲ್ಲಿ ಕೋಸಂಬರಿ ಆಗಲೇ ಅರ್ಧ ಖಾಲಿ.